ಮೂರು ಸಿಲಿಂಡರ್, ಎರಡೇ ಬಿಗಿ: ಶಿರಸಿ ಸೀಮೆಯ ಹಳೇ ಟ್ರ್ಯಾಕ್ಟರ್ ಒಂದರ ಟ್ಯಾಪೆಟ್ ಪ್ರಕರಣ

ಶಿರಸಿ ತಾಲ್ಲೂಕಿನ ಪಶ್ಚಿಮದಂಚು, ಘಟ್ಟ ಇಳಿಯುವ ಮೊದಲಿನ ಕಣಿವೆಯ ಅಡಿಕೆ ತೋಟ. ಅಲ್ಲಿನ ಹಳೇ ಟ್ರ್ಯಾಕ್ಟರ್‌ಗೆ ವರ್ಷವಿಡೀ ಕೆಲಸವಿಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾದ ಮೇಲೆ ಅಡಿಕೆ ಸಾಗಿಸುವುದು, ಬೇಸಿಗೆಯಲ್ಲಿ ಬೆಟ್ಟದಿಂದ ದರಕು (ಒಣಗಿದ ಎಲೆ) ಮತ್ತು ಸೊಪ್ಪು ತರುವುದು, ನಡುವೆ ಯಾರದ್ದಾದರೂ ಮನೆಗೆ ಚಿರೆಕಲ್ಲು ಹೊರುವುದು. ಜೂನ್‌ನಲ್ಲಿ ಮಳೆ ಹಿಡಿದರೆ ಕೊಟ್ಟಿಗೆಯ ಪಕ್ಕದ ಮಾಡಿಗೆ ಸೇರುತ್ತದೆ, ದೀಪಾವಳಿಯ ಹೊತ್ತಿಗೆ ಹೊರಬರುತ್ತದೆ. ಹೆಸರು, ಊರು, ಗುರುತು ಹತ್ತುವ ವಿವರಗಳನ್ನು ಇಲ್ಲಿ ಬಿಟ್ಟಿದೆ. ಯಂತ್ರಕ್ಕೆ ಸಂಬಂಧಿಸಿದ್ದನ್ನು ಮಾತ್ರ ಇದ್ದಂತೆ ಕೊಟ್ಟಿದೆ.

ಎಂಜಿನ್ ಪರ್ಕಿನ್ಸ್ ಮೂಲದ ಮೂರು ಸಿಲಿಂಡರಿನ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್, 152 ಎಂದು ಕರೆಯುವ ಮಾದರಿ. 152 ಎಂಬುದು ಘನ ಇಂಚಿನ ಲೆಕ್ಕ, ಅಂದರೆ ಸುಮಾರು 2.5 ಲೀಟರ್. ಬೋರ್ 91.4 ಮಿ.ಮೀ, ಸ್ಟ್ರೋಕ್ 127 ಮಿ.ಮೀ. ಫೈರಿಂಗ್ ಕ್ರಮ 1-2-3. ಸಿಲಿಂಡರಿಗೆ ಎರಡರಂತೆ ಒಟ್ಟು ಆರು ವಾಲ್ವ್, ಕೆಳಗಿನ ಕ್ಯಾಮ್‌ಶಾಫ್ಟ್‌ನಿಂದ ಪುಶ್ ರಾಡ್ ಮೂಲಕ ರಾಕರ್‌ಗೆ ಚಾಲನೆ; ಕ್ಯಾಮಿನ ಮೇಲೆ ಕೂರುವ ತುಂಡು ಟ್ಯಾಪೆಟ್, ವಾಲ್ವಿನ ಕಾಂಡವನ್ನು ಒತ್ತಿ ತೆರೆಯುವ ತೂಗುತೋಳು ರಾಕರ್. ಟ್ಯಾಪೆಟ್ ಗ್ಯಾಪ್, ಅಂದರೆ ರಾಕರ್ ಮತ್ತು ವಾಲ್ವ್ ಕಾಂಡದ ನಡುವಿನ ಸಂದು, ತಣ್ಣಗಿದ್ದಾಗ 0.30 ಮಿ.ಮೀ (12 ಥೌ; ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು), ಬಿಸಿಯಿದ್ದಾಗ 0.25 ಮಿ.ಮೀ (10 ಥೌ). ತೋಟದ ಪಂಪ್‌ಸೆಟ್ ಎಂಜಿನ್ನುಗಳಲ್ಲಿರುವ ವಾಲ್ವ್ ತೆರೆದು ಹಿಡಿದು ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಇದಕ್ಕಿಲ್ಲ. ಪಂಪಿನಲ್ಲಿ ಲಿವರ್ ಎತ್ತಿ ಹ್ಯಾಂಡಲ್ ಹಾಕಿ ತಿರುಗಿಸಿ ರೂಢಿಯಾದ ಕೈಗಳಿಗೆ ಈ ಎಂಜಿನ್ ಮೊಂಡು ಅನ್ನಿಸುವುದು ಅದಕ್ಕೇ.

ತೊಂದರೆ ಕಾಣಿಸಿದ್ದು

ಆ ವರ್ಷ ಮಳೆ ಮುಗಿದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಹತ್ತಿಕೊಂಡಿತು. ಆದರೆ ಮೇಲಿನಿಂದ ಟಕ್‌ಟಕ್ ಸದ್ದು, ಜೊತೆಗೆ ಒಂದು ಸಿಲಿಂಡರ್ ಆಗಾಗ ತಪ್ಪುವ ಲಕ್ಷಣ. ಪೇಟೆಯಿಂದ ಬಂದ ಮೇಸ್ತ್ರಿ ರಾಕರ್ ಕವರ್ ತೆಗೆದರು. ನಡುವಿನ ಸಿಲಿಂಡರಿನ ಎಕ್ಸಾಸ್ಟ್ ರಾಕರ್ ಢಿಳ್ಳಗಿತ್ತು, ಗ್ಯಾಪ್ 1 ಮಿ.ಮೀ.ಗಿಂತ ಹೆಚ್ಚು. ಸ್ಕ್ರೂ ಇಳಿಸಿ ಅದನ್ನು 0.30ಕ್ಕೆ ತಂದರು. ಉಳಿದವನ್ನೂ ಅದೇ ಅಳತೆಗೆ ಮಾಡಿ ಕವರ್ ಮುಚ್ಚಿದರು. ಸದ್ದು ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ.

ಎರಡು ದಿನ ಕೆಲಸ ಮಾಡಿದ ಮೇಲೆ ಬೆಳಗಿನ ಸ್ಟಾರ್ಟ್ ಕಷ್ಟವಾಯಿತು. ಸೆಲ್ಫ್ ಹೊಡೆದಷ್ಟೂ ಬಿಳಿ ಹೊಗೆ, ಹತ್ತಿಕೊಂಡ ಮೇಲೂ ಎರಡು ಸಿಲಿಂಡರಿನ ಕುಂಟು ನಡಿಗೆ. ಡೀಸೆಲ್ ಫಿಲ್ಟರ್ ಬದಲಿಸಿದರು, ಏರ್ ತೆಗೆದರು, ನಡುವಿನ ನಾಝಲ್, ಅಂದರೆ ಇಂಜೆಕ್ಟರಿನಲ್ಲಿ ಡೀಸೆಲ್ ಸಿಂಪಡಿಸುವ ತುದಿ, ಬದಲಿಸಿದರು. ಯಾವುದೂ ಫಲ ಕೊಡಲಿಲ್ಲ. ಡೀಸೆಲ್ ಪಂಪನ್ನೇ ಬಿಚ್ಚಿ ಹುಬ್ಬಳ್ಳಿಗೆ ಕಳಿಸುವ ಮಾತು ಬಂದಿತ್ತು. ಆ ಖರ್ಚಿಗೆ ಮುಂಚೆ ಟ್ಯಾಪೆಟ್ಟನ್ನು ಮತ್ತೊಮ್ಮೆ ನೋಡೋಣ ಎಂದು ಮಾಲೀಕರು ಪಟ್ಟು ಹಿಡಿದದ್ದು ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ. ಪಂಪು ಮೂರು ಸಿಲಿಂಡರಿಗೂ ಒಂದೇ. ಒಂದೇ ಸಿಲಿಂಡರ್ ಸತ್ತಿದ್ದರೆ ಮೊದಲ ಅನುಮಾನ ಆ ಸಿಲಿಂಡರಿನ ನಾಝಲ್ ಮತ್ತು ವಾಲ್ವಿನ ಮೇಲೆ ಬರಬೇಕು. ನಾಝಲ್ ಆಗಲೇ ಬದಲಾಗಿತ್ತು.

ತಿರುಗಿಸುವುದೇ ದೊಡ್ಡ ಕೆಲಸವಾದದ್ದು

ಎರಡನೇ ಸಲ ಕವರ್ ತೆಗೆದಾಗ ಬ್ಯಾಟರಿ ಸೋತಿತ್ತು. ಹಾಗೆ ನೋಡಿದರೆ ಸೆಲ್ಫ್ ಕೊಟ್ಟು ತಿರುಗಿಸುವುದು ಈ ಕೆಲಸಕ್ಕೆ ಯಾವಾಗಲೂ ತಕ್ಕುದಲ್ಲ. ಬೇಕಾದಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ಜಿಗಿಯುತ್ತದೆ, ಕೈ ರಾಕರಿನ ಹತ್ತಿರ ಇದ್ದರೆ ಅಪಾಯ.

ಮೊದಲು ಫ್ಯಾನ್ ಹಿಡಿದು ಎಳೆದರು. ಬೆಲ್ಟನ್ನು ಒಬ್ಬರು ಒತ್ತಿ ಹಿಡಿದರೂ ಕಂಪ್ರೆಶನ್ ಬಂದ ಕೂಡಲೇ ಜಾರಿತು. 91.4 ಮಿ.ಮೀ ಪಿಸ್ಟನ್ನಿನ ಮೇಲ್ಮೈ ಸುಮಾರು 65 ಚದರ ಸೆಂ.ಮೀ. ಸಿಲಿಂಡರಿನ ಒಳಗೆ ಒತ್ತಡ 1 ಬಾರ್ ಏರಿದರೂ ಪಿಸ್ಟನ್ ಮೇಲೆ ಸುಮಾರು 65 ಕೆ.ಜಿ. ಭಾರ ಬೀಳುತ್ತದೆ. ಕೈಯಲ್ಲಿ ನಿಧಾನ ತಿರುಗಿಸಿದಾಗಲೂ ಒತ್ತಡ ಹಲವು ಬಾರ್ ಏರುತ್ತದೆ. ಹಳೇ ಬೆಲ್ಟಿನ ಹಿಡಿತ ಅದಕ್ಕೆ ಸಾಲದು. ತಗಡಿನ ಫ್ಯಾನ್ ರೆಕ್ಕೆಯೂ ಬಗ್ಗುತ್ತದೆ, ಮುಂದೆ ಅದೇ ರೆಕ್ಕೆ ರೇಡಿಯೇಟರಿಗೆ ತಾಗುತ್ತದೆ.

ಆಮೇಲೆ ಹಿಂದಿನ ಒಂದು ಗಾಲಿ ಜಾಕಿ ಮೇಲೆತ್ತಿ, ಟಾಪ್ ಗೇರಿನಲ್ಲಿ ಗಾಲಿ ತಿರುಗಿಸುವ ಪ್ರಯತ್ನ ನಡೆಯಿತು. ಬೈಕಿಗೆ ಹೊಂದುವ ಈ ಉಪಾಯ ಟ್ರ್ಯಾಕ್ಟರ್‌ಗೆ ಹೊಂದದು. ಗಾಲಿ ಒಂದು ಸುತ್ತು ಬರಬೇಕಾದರೆ ಎಂಜಿನ್ ಹಲವು ಸುತ್ತು ಬರಬೇಕು. ಹಾಗಾಗಿ ಗಾಲಿಯಲ್ಲಿ ಹಾಕಿದ ಬಲ ಕ್ರ್ಯಾಂಕಿಗೆ ತಲುಪುವಾಗ ಅಷ್ಟು ಪಾಲು ಕಡಿಮೆ. ಗಾಲಿ ಗೇಣು ಸರಿದರೆ ಕ್ರ್ಯಾಂಕ್ ಎಲ್ಲಿಗೋ ಹೋಗಿರುತ್ತದೆ, ಅಂದಾಜು ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೇರಿನಲ್ಲಿರುವ ಟ್ರ್ಯಾಕ್ಟರ್ ಒಂದು ಜಾಕಿಯ ಮೇಲೆ ನಿಂತಿರುತ್ತದೆ. ಮಣ್ಣಿನ ನೆಲದಲ್ಲಿ ಜಾಕಿ ವಾಲತೊಡಗಿದ್ದನ್ನು ಕಂಡು ಕೈಬಿಟ್ಟರು. ಸರಿಯಾಗಿಯೇ ಕೈಬಿಟ್ಟರು.

ಕ್ರ್ಯಾಂಕ್ ಪುಲ್ಲಿಯ ನಡುವಿನ ನಟ್ಟಿಗೆ ಸಾಕೆಟ್ ಹಾಕಿ ಉದ್ದ ಹಿಡಿಕೆಯಿಂದ ತಿರುಗಿಸುವುದು ಎಲ್ಲಕ್ಕಿಂತ ಚೆಂದದ ಹಾದಿ. ಇಲ್ಲಿ ಮುಂದಿನ ಎರಕದ ತುಂಡು ಮತ್ತು ರೇಡಿಯೇಟರಿನ ನಡುವೆ ಹಿಡಿಕೆ ಆಡುವಷ್ಟು ಜಾಗವಿರಲಿಲ್ಲ.

ಕರಾವಳಿಯಿಂದ ಬಂದ ಕೈ

ಈ ಹಂತದಲ್ಲಿ ಅಂಕೋಲೆ ಕಡೆಯ, ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ ಕೆಲಸದಲ್ಲಿ ಪಳಗಿದ ಹಿರಿಯ ಫಿಟ್ಟರ್ ಒಬ್ಬರನ್ನು ಕರೆಸಿದರು. ಗ್ಯಾಪ್ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಮುಟ್ಟುವ ಮೊದಲು ಅವರು ಮಾಡಿಸಿದ್ದು ಮೂರು ಕೆಲಸ: ಬ್ಯಾಟರಿಯ ನೆಗೆಟಿವ್ ಬಿಚ್ಚುವುದು, ಸ್ಟಾಪ್ ನಾಬ್ ಎಳೆದು ಕಟ್ಟುವುದು, ಗೇರ್ ನ್ಯೂಟ್ರಲ್ ಮಾಡಿ ಗಾಲಿಗೆ ಕಲ್ಲು ಕೊಡುವುದು. ನಂತರ ಸೆಲ್ಫ್ ಮೋಟಾರ್ ಬಿಚ್ಚಿ ತೆಗೆಸಿದರು. ಅದು ಕೂರುವ ಕಿಂಡಿಯಲ್ಲಿ ಫ್ಲೈವೀಲಿನ ರಿಂಗ್ ಗೇರ್ ಹಲ್ಲುಗಳು ಕಾಣುತ್ತವೆ. ಅಲ್ಲಿ ಚಪ್ಪಟೆ ತುದಿಯ ಕಬ್ಬಿಣದ ಸಲಾಕೆ ಕೊಟ್ಟು ಹಲ್ಲು ಹಲ್ಲಾಗಿ ಎಂಜಿನ್ ಸರಿಸಬಹುದು. ಸಲಾಕೆ ಹಲ್ಲಿನ ಬುಡಕ್ಕೆ ಪೂರ್ತಿ ಕೂರಬೇಕು. ತುದಿಗೆ ಮಾತ್ರ ಕೊಟ್ಟರೆ ಹಲ್ಲು ಮುಕ್ಕಾಗುತ್ತದೆ, ಆಮೇಲೆ ಸೆಲ್ಫ್ ಅದೇ ಜಾಗದಲ್ಲಿ ಕಚ್ಚಿಕೊಳ್ಳದೆ ಕಿರುಚುತ್ತದೆ. ಬೆರಳನ್ನು ಆ ಕಿಂಡಿಗೆ ಹಾಕುವಂತಿಲ್ಲ. ಕಂಪ್ರೆಶನ್ ಮೇಲೇರಿದ ಪಿಸ್ಟನ್ ಕೈ ಬಿಟ್ಟ ಕೂಡಲೇ ಫ್ಲೈವೀಲನ್ನು ಹಿಂದಕ್ಕೆ ಒದೆಯುತ್ತದೆ.

ಮೇಸ್ತ್ರಿ ಇಂಜೆಕ್ಟರ್ ಬಿಚ್ಚಿಬಿಡೋಣ, ಹಗುರವಾಗಿ ತಿರುಗುತ್ತದೆ ಎಂದರು. ಹಿರಿಯರು ಬೇಡವೆಂದರು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಇಂಜೆಕ್ಟರ್ ಇರುವಾಗಲೇ, ಕಂಪ್ರೆಶನ್ನಿನ ಎದುರು, ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ ನೋಡಬೇಕೆಂದು ಅವರ ಹಟ. ಮೂರು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಮೂರು ಬಿಗಿ, ಅಂದರೆ ಕಂಪ್ರೆಶನ್ನಿನ ತಡೆ, ಬರಬೇಕು, ಒಂದರಿಂದ ಇನ್ನೊಂದಕ್ಕೆ 240 ಡಿಗ್ರಿ. ಇಲ್ಲಿ ಬಂದದ್ದು ಎರಡು. ಮೂರನೆಯದು ಬರಬೇಕಾದ ಜಾಗದಲ್ಲಿ ಸಲಾಕೆ ಸಲೀಸಾಗಿ ಇಳಿಯಿತು, ಎಕ್ಸಾಸ್ಟ್ ಕೊಳವೆಯಿಂದ ಸಣ್ಣಗೆ ಉಸ್ಸೆಂದು ಗಾಳಿ ಹೊರಟಿತು. ಆ ಗಾಳಿ ಏರ್ ಕ್ಲೀನರ್ ಕಡೆ ಕೇಳಿಸಿದ್ದರೆ ಇನ್‌ಲೆಟ್ ವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿಸಿದ್ದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಮೊದಲೇ ಇಂಜೆಕ್ಟರ್ ತೆಗೆದಿದ್ದರೆ ಎಂಜಿನ್ ಸುಲಭವಾಗಿ ತಿರುಗುತ್ತಿತ್ತು, ಈ ಸುದ್ದಿ ಮಾತ್ರ ಸಿಗುತ್ತಿರಲಿಲ್ಲ. ಟ್ಯಾಪೆಟ್ ಹಿಡಿಯಲು ಕೈಯಲ್ಲಿ ತಿರುಗಿಸುವುದನ್ನು ಬರೀ ಪೂರ್ವತಯಾರಿ ಎಂದು ಭಾವಿಸುವವರೇ ಹೆಚ್ಚು. ಅರ್ಧ ತಪಾಸಣೆ ಅದರಲ್ಲೇ ಮುಗಿಯುತ್ತದೆ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಅಪರೂಪ.

ಮಳೆಗಾಲ ನಿಂತ ಎಂಜಿನ್ನಿಗೆ ಇದೇ ಪರೀಕ್ಷೆಯಲ್ಲಿ ಇನ್ನೊಂದು ಉಪಯೋಗವಿದೆ. ನೇರ ಮೇಲಕ್ಕೆ ನಿಂತ ಎಕ್ಸಾಸ್ಟ್ ಕೊಳವೆಯಿಂದ ನೀರು ಇಳಿದು ಸಿಲಿಂಡರಿನಲ್ಲಿ ನಿಂತಿದ್ದರೆ ಕೈಗೆ ಸಿಗುವುದು ಸ್ಪ್ರಿಂಗಿನಂಥ ಬಿಗಿಯಲ್ಲ, ಗೋಡೆಯಂಥ ತಡೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಅಲ್ಲಿ ಬಲ ಹಾಕಬಾರದು, ಸೆಲ್ಫ್ ಅಂತೂ ಕೊಡಲೇಬಾರದು; ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜೆಕ್ಟರ್ ತೆಗೆದು, ತೂತಿನಿಂದ ಮುಖ ದೂರವಿಟ್ಟು ತಿರುಗಿಸಿ ನೀರು ಹೊರಹಾಕಿಯೇ ಮುಂದುವರಿಯಬೇಕು.

ಅಳತೆಯಲ್ಲಿ ಕಂಡದ್ದು

ಇದಾದ ಮೇಲೆ ಇಂಜೆಕ್ಟರ್‌ಗಳನ್ನು ತೆಗೆದರು. ಸುತ್ತಲಿನ ಮಣ್ಣು, ಎಣ್ಣೆ ಜಿಡ್ಡನ್ನು ಮೊದಲು ಬ್ರಷ್ಷಿನಿಂದ ತೆಗೆದು, ಎರಡೂ ನಟ್ಟನ್ನು ಸಮಸಮ ಸಡಿಲಿಸಿ, ಪೈಪಿನ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ. ತೂತಿನ ತಳದಲ್ಲಿ ಹಳೇ ತಾಮ್ರದ ವಾಷರ್ ಕಚ್ಚಿಕೊಂಡಿರುತ್ತದೆ, ಅದನ್ನು ಬಾಗಿದ ತಂತಿಯಿಂದ ಎತ್ತಬೇಕು. ನೋಡದೆ ಅದರ ಮೇಲೆ ಹೊಸದನ್ನಿಟ್ಟರೆ ನಾಝಲ್ ತುದಿ ಎತ್ತರದಲ್ಲಿ ಕೂತು ಹೊಗೆ ಕೊಡುತ್ತದೆ. ನಡುವಿನ ಸಿಲಿಂಡರಿನಲ್ಲಿ ಎರಡು ವಾಷರ್ ಸಿಕ್ಕಿದವು. ಹೊಸ ನಾಝಲ್ ಹಾಕಿದಾಗಿನ ಅವಸರ ಅದು. ತೂತುಗಳಿಗೆ ಬಟ್ಟೆ ತುರುಕಿ, ಆ ಬಟ್ಟೆಗೆ ದಾರ ಕಟ್ಟಿ ಹೊರಗೆ ಇಳಿಬಿಟ್ಟರು.

ಕ್ರ್ಯಾಂಕ್ ಪುಲ್ಲಿಯನ್ನು ಮೂರು ಪಾಲು ಮಾಡಲು ಕಾಗದದ ಪಟ್ಟಿಯೊಂದನ್ನು ಪುಲ್ಲಿಗೆ ಸುತ್ತಿ, ಸರಿಯಾಗಿ ಕತ್ತರಿಸಿ, ಮೂರು ಮಡಿಕೆ ಹಾಕಿ, ಮಡಿಕೆಯ ಜಾಗಗಳನ್ನು ಸೀಮೆಸುಣ್ಣದಿಂದ ಪುಲ್ಲಿಗೆ ದಾಟಿಸಿದರು. ಗುರುತಿನಿಂದ ಗುರುತಿಗೆ 120 ಡಿಗ್ರಿ. ಮುಂದಿನ ಸಿಲಿಂಡರಿಗೆ ಹೋಗಲು ಎರಡು ಗುರುತು ದಾಟಬೇಕು. ತಿರುಗಿಸುವುದು ಎಂಜಿನ್ ಓಡುವ ದಿಕ್ಕಿಗೇ, ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿನಂತೆ. ಗುರುತು ದಾಟಿಹೋದರೆ ಅಲ್ಲಿಗೇ ಹಿಂದೆಳೆದು ನಿಲ್ಲಿಸಬಾರದು; ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು, ಟೈಮಿಂಗ್ ಗೇರುಗಳ ಸಡಿಲು ಆಗ ಒಂದೇ ಕಡೆ ಉಳಿಯುತ್ತದೆ.

ಯಾವ ಸ್ಕ್ರೂವನ್ನೂ ಮುಟ್ಟುವ ಮೊದಲು ಆರೂ ಗ್ಯಾಪ್ ಅಳೆದು ಬರೆದುಕೊಂಡದ್ದು ಎರಡನೇ ಮುಖ್ಯ ನಿರ್ಧಾರ. ಒಂದನೆಯದರಲ್ಲಿ ಇನ್‌ಲೆಟ್ 0.30, ಎಕ್ಸಾಸ್ಟ್ 0.50. ಎರಡನೆಯದರಲ್ಲಿ ಇನ್‌ಲೆಟ್ 0.30, ಎಕ್ಸಾಸ್ಟ್ ಸೊನ್ನೆ. ರಾಕರ್ ಅಲ್ಲಾಡುತ್ತಲೇ ಇರಲಿಲ್ಲ. ಮೂರನೆಯದರಲ್ಲಿ ಇನ್‌ಲೆಟ್ 0.45, ಎಕ್ಸಾಸ್ಟ್ 0.30. ಮೇಸ್ತ್ರಿ ಎಲ್ಲವನ್ನೂ 0.30ಕ್ಕೆ ಹಿಡಿದಿದ್ದರು, ಅದರಲ್ಲಿ ಅನುಮಾನವಿಲ್ಲ. ಹಾಗಾದರೆ ಮೂರು ಮಾತ್ರ ಏಕೆ ತಪ್ಪಿದವು, ಅದೂ ಎರಡು ಸಡಿಲ, ಒಂದು ಬಿಗಿ?

ಸಡಿಲವಾದ ಎರಡರ ಕಾರಣ ನಾಲ್ಕು ಸಿಲಿಂಡರಿನ ಅಭ್ಯಾಸ. 1-3-4-2 ಕ್ರಮದ ಎಂಜಿನ್ನಿನಲ್ಲಿ ಸಿಲಿಂಡರುಗಳು ಜೋಡಿ. ಒಂದರ ವಾಲ್ವುಗಳು ತೂಗುವಾಗ, ಅಂದರೆ ಎಕ್ಸಾಸ್ಟ್ ಮುಚ್ಚುತ್ತ ಇನ್‌ಲೆಟ್ ತೆರೆಯುತ್ತಿರುವಾಗ, ನಾಲ್ಕನೆಯದು ಕಂಪ್ರೆಶನ್ನಿನ ತುದಿಯಲ್ಲಿರುತ್ತದೆ. ಎರಡು ತೂಗಿದರೆ ಮೂರು. ಮೇಸ್ತ್ರಿ ಅದೇ ಲೆಕ್ಕದಲ್ಲಿ ಒಂದನೆಯದು ತೂಗುವಾಗ ಕೊನೆಯದನ್ನೂ, ಕೊನೆಯದು ತೂಗುವಾಗ ಒಂದನೆಯದನ್ನೂ ಹಿಡಿದಿದ್ದರು. ನಡುವಿನದನ್ನು ಎರಡೂ ರಾಕರ್ ಸಡಿಲಾದ ಜಾಗ ನೋಡಿ ಹಿಡಿದಿದ್ದರು. ಮೂರು ಸಿಲಿಂಡರಿನಲ್ಲಿ ಜೋಡಿಯೇ ಇಲ್ಲ. ಒಂದನೆಯದು ತೂಗುವಾಗ ಮೂರನೆಯದು ಕಂಪ್ರೆಶನ್ ತುದಿಗೆ ಇನ್ನೂ 120 ಡಿಗ್ರಿ ದೂರ. ಅದರ ಇನ್‌ಲೆಟ್ ಆಗಷ್ಟೇ ಮುಚ್ಚಿದೆ, ಟ್ಯಾಪೆಟ್ ಕ್ಯಾಮಿನ ಇಳಿಜಾರಿನ ಕೊನೆಯಲ್ಲಿದೆ. ಮೂರನೆಯದು ತೂಗುವಾಗ ಒಂದನೆಯದು ಪವರ್ ಸ್ಟ್ರೋಕಿನಲ್ಲಿ 120 ಡಿಗ್ರಿ ಇಳಿದಿದೆ. ಎಕ್ಸಾಸ್ಟ್ ವಾಲ್ವ್ ತೆರೆಯುವುದು ಪಿಸ್ಟನ್ ಪೂರ್ತಿ ಕೆಳಗೆ ತಲುಪುವ ಮೊದಲೇ, ಹಾಗಾಗಿ ಅದರ ಟ್ಯಾಪೆಟ್ ಆಗಲೇ ಏರುಮುಖ. ಟ್ಯಾಪೆಟ್ ಒಂದಿಷ್ಟು ಎದ್ದಿರುವಾಗ 0.30 ಹಿಡಿದರೆ, ಅದು ಪೂರ್ತಿ ಇಳಿದಾಗ ಆ ಒಂದಿಷ್ಟೂ ಗ್ಯಾಪಿಗೆ ಸೇರುತ್ತದೆ. 0.50 ಮತ್ತು 0.45 ಬಂದದ್ದು ಹೀಗೆ. ಉಳಿದ ಟಕ್‌ಟಕ್ ಇವೆರಡರದ್ದು.

ತಪ್ಪು ಜಾಗದಲ್ಲಿ ಹಿಡಿದರೆ ಗ್ಯಾಪ್ ಯಾವಾಗಲೂ ಹೆಚ್ಚೇ ಆಗುತ್ತದೆ, ಕಡಿಮೆ ಆಗುವುದಿಲ್ಲ. ಆದ್ದರಿಂದ ಎರಡನೆಯದರ ಎಕ್ಸಾಸ್ಟ್ ಸೊನ್ನೆಯಾದದ್ದಕ್ಕೆ ಬೇರೆಯೇ ಕಾರಣ ಹುಡುಕಬೇಕಾಯಿತು. ಸುಳಿವು ಸ್ಕ್ರೂವಿನಲ್ಲೇ ಇತ್ತು: ಉಳಿದ ಐದರಲ್ಲಿ ಲಾಕ್‌ನಟ್ಟಿನ ಮೇಲೆ ಕಾಣುವ ಎಳೆಗಳಿಗಿಂತ ಇದರಲ್ಲಿ ಕಡಿಮೆ ಕಾಣುತ್ತಿದ್ದವು. ಸ್ಕ್ರೂ ಅಷ್ಟು ಕೆಳಗಿಳಿದಿತ್ತು. ಕಳೆದ ಜೂನ್‌ನಲ್ಲಿ ಎಂಜಿನ್ ಆರಿಸಿದಾಗ ಈ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದೆ. ಮುಚ್ಚಳವಿಲ್ಲದ ಕೊಳವೆಯಿಂದ ನಾಲ್ಕು ತಿಂಗಳ ತೇವ ಇಳಿದು ಕಾಂಡ ತುಕ್ಕು ಹಿಡಿದು, ತಾನು ಜಾರುವ ಗೈಡಿನ ತೂತಿನಲ್ಲಿ ಕಚ್ಚಿಕೊಂಡಿದೆ. ಸ್ಟಾರ್ಟ್ ಆದ ಮೇಲೂ ಅದು ಪೂರ್ತಿ ಮೇಲಕ್ಕೆ ಬರುತ್ತಿರಲಿಲ್ಲ. ಕಾಂಡ ಕೆಳಗೇ ಉಳಿದದ್ದರಿಂದ ರಾಕರ್ ಮತ್ತು ಕಾಂಡದ ನಡುವೆ ದೊಡ್ಡ ಗ್ಯಾಪ್ ಕಂಡಿತು. ಮೇಸ್ತ್ರಿ ಆ ಗ್ಯಾಪನ್ನು ಸ್ಕ್ರೂವಿನಿಂದ ತುಂಬಿದರು. ಎರಡು ದಿನದ ಓಟದಲ್ಲಿ ವಾಲ್ವ್ ಬಿಡಿಸಿಕೊಂಡು ಮೇಲೆ ಬಂತು, ಅಷ್ಟರಲ್ಲಿ ರಾಕರ್ ಅದರ ದಾರಿಗೆ ಅಡ್ಡ ಕೂತಿತ್ತು. ವಾಲ್ವ್ ಸೀಟಿಗೆ ಕೂರದೆ ಸದಾ ಸ್ವಲ್ಪ ತೆರೆದೇ ಇತ್ತು, ಕಂಪ್ರೆಶನ್ ಹೋಯಿತು. ಹೀಗೇ ತಿಂಗಳುಗಟ್ಟಲೆ ಓಡಿಸಿದ್ದರೆ ಬಿಸಿ ಅನಿಲ ಆ ಸಂದಿಯಲ್ಲಿ ನುಗ್ಗಿ ವಾಲ್ವಿನ ಅಂಚು ಸುಡುತ್ತಿತ್ತು.

ಒಂದೇ ವಾಲ್ವಿನ ಗ್ಯಾಪ್ ಉಳಿದವಕ್ಕಿಂತ ವಿಪರೀತ ದೊಡ್ಡದಾಗಿ ಕಂಡರೆ ಸ್ಕ್ರೂ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಲಾಕ್‌ನಟ್ ಸಡಿಲವಾಗಿದೆಯೇ? ಪುಶ್ ರಾಡ್ ಬಗ್ಗಿದೆಯೇ? ವಾಲ್ವ್ ಪೂರ್ತಿ ಮೇಲೆ ಬಂದಿದೆಯೇ? ಮೂರನೆಯದನ್ನು ನೋಡುವುದು ಸುಲಭ: ಆರೂ ಸ್ಪ್ರಿಂಗ್ ಮುಚ್ಚಳಗಳ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಎತ್ತರ ಹೋಲಿಸಿದರೆ ಸಾಕು. ಮುಚ್ಚಿರಬೇಕಾದ ವಾಲ್ವ್ ತಗ್ಗಿದ್ದರೆ ಅದು ಹಿಡಿದಿದೆ.

ಸರಿಪಡಿಸಿದ ಬಗೆ

ಎರಡನೆಯದರ ಎಕ್ಸಾಸ್ಟ್ ಸ್ಕ್ರೂ ಪೂರ್ತಿ ಸಡಿಲಿಸಿ, ರಾಕರನ್ನು ಶಾಫ್ಟಿನ ಮೇಲೆ ಪಕ್ಕಕ್ಕೆ ಸರಿಸಿ ಪುಶ್ ರಾಡ್ ಎತ್ತಿದರು. ಎಣ್ಣೆಯ ಹಿಡಿತಕ್ಕೆ ಕೆಳಗಿನ ಟ್ಯಾಪೆಟ್ಟೂ ಅಂಟಿಕೊಂಡು ಬರುವುದುಂಟು, ಆದ್ದರಿಂದ ರಾಡನ್ನು ಬೆರಳಲ್ಲಿ ತಿರುಚಿ ಬಿಡಿಸಿಕೊಂಡೇ ಎತ್ತಬೇಕು. ಗಾಜಿನ ಮೇಲೆ ಉರುಳಿಸಿ ನೋಡಿದರು, ನೇರವಿತ್ತು. ಕಾಂಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಟ್ಟು, ಮರುದಿನ ರಾಡ್ ಜೋಡಿಸಿ, ಇಂಜೆಕ್ಟರ್ ಇಲ್ಲದ ಹಗುರಾದ ಎಂಜಿನ್ನನ್ನು ಸಲಾಕೆಯಿಂದ ಸುತ್ತು ಸುತ್ತಾಗಿ ತಿರುಗಿಸುತ್ತ ಎಣ್ಣೆ ಬಿಡುತ್ತ ಹೋದರು. ಮೊದಮೊದಲು ವಾಲ್ವ್ ಮುಚ್ಚಿದಾಗ ಗ್ಯಾಪ್ 0.45 ಬರುತ್ತಿತ್ತು, ಕಾಂಡದ ತಲೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ 0.30ಕ್ಕೆ ಇಳಿಯುತ್ತಿತ್ತು. ತಟ್ಟಿದ ಮೇಲೆ ಗ್ಯಾಪ್ ಬದಲಾದರೆ ವಾಲ್ವ್ ಇನ್ನೂ ತಡೆದು ಏರುತ್ತಿದೆ ಎಂದೇ ಅರ್ಥ. ತಟ್ಟಿದರೂ ತಟ್ಟದಿದ್ದರೂ ಒಂದೇ ಅಳತೆ ಬರುವವರೆಗೆ ಅವರು ಬಿಡಲಿಲ್ಲ. ಬಂದಿರದಿದ್ದರೆ ಹೆಡ್ ಇಳಿಸುವುದೇ ದಾರಿ.

ಕೊನೆಗೆ ಆರೂ ಗ್ಯಾಪನ್ನು ತಣ್ಣಗೆ 0.30ಕ್ಕೆ ಹಿಡಿದದ್ದು ಎರಡೇ ನಿಲುಗಡೆಯಲ್ಲಿ. ಒಂದನೇ ಸಿಲಿಂಡರಿನ ವಾಲ್ವುಗಳು ತೂಗುವ ಜಾಗ ಹುಡುಕಿ, ಅಲ್ಲಿಂದ ಸರಿಯಾಗಿ ಒಂದು ಸುತ್ತು ಮುಂದೆ ಬಂದರೆ ಅದೇ ಸಿಲಿಂಡರ್ ಕಂಪ್ರೆಶನ್ ತುದಿಯಲ್ಲಿರುತ್ತದೆ. ಅಲ್ಲಿ ಒಂದನೆಯದರ ಎರಡೂ ವಾಲ್ವ್, ಎರಡನೆಯದರ ಎಕ್ಸಾಸ್ಟ್, ಮೂರನೆಯದರ ಇನ್‌ಲೆಟ್ ಹಿಡಿಯಬಹುದು. ಇನ್ನೊಂದು ಸುತ್ತು ತಿರುಗಿಸಿ ಎರಡನೆಯದರ ಇನ್‌ಲೆಟ್, ಮೂರನೆಯದರ ಎಕ್ಸಾಸ್ಟ್. ಲೆಕ್ಕ ತಲೆಗೆ ಹತ್ತದಿದ್ದರೆ ಪ್ರತಿ ಸಿಲಿಂಡರನ್ನೂ ಅದರದೇ ಕಂಪ್ರೆಶನ್ ತುದಿಗೆ, ಪುಲ್ಲಿಯ ಎರಡೆರಡು ಗುರುತು ದಾಟಿಸಿ ತಂದು ಹಿಡಿಯುವುದು ನಿಧಾನವಾದರೂ ಹೆಚ್ಚು ಭದ್ರ. ಯಾವುದು ಇನ್‌ಲೆಟ್, ಯಾವುದು ಎಕ್ಸಾಸ್ಟ್ ಎಂಬುದನ್ನು ಮ್ಯಾನಿಫೋಲ್ಡಿನ ಬಾಯಿಗಳ ನೇರ ನೋಡಿ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳಬೇಕು.

ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಒಂದಿಷ್ಟು ಜೊತೆಗೇ ತಿರುಗುತ್ತದೆ, ಬಿಗಿದ ಮೇಲೆ ಮತ್ತೆ ಅಳೆಯದೆ ಮುಂದೆ ಹೋಗುವಂತಿಲ್ಲ. ಹಳೇ ರಾಕರಿನ ಮೂತಿಯಲ್ಲಿ ಕಾಂಡದ ಗಾತ್ರದ ಗುಳಿ ಬಿದ್ದಿರುತ್ತದೆ. ಅಗಲದ ಫೀಲರ್ ಎಲೆ ಗುಳಿಯ ಅಂಚುಗಳ ಮೇಲೆ ಸೇತುವೆ ಕಟ್ಟಿ ಸುಳ್ಳು ಹೇಳುತ್ತದೆ. ಇಲ್ಲಿ 0.30ರ ಎಲೆಯೊಂದನ್ನು ಕಾಂಡಕ್ಕಿಂತ ಕಿರಿದಾಗಿ ಕತ್ತರಿಸಿ ಬಳಸಿದರು. ಹೆಡ್ ಬೋಲ್ಟ್‌ಗಳ ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ನೋಡಿದ್ದು ಗ್ಯಾಪ್ ಹಿಡಿಯುವ ಮೊದಲು. ಹೆಡ್ ಕೂದಲೆಳೆಯಷ್ಟು ಇಳಿದರೂ ಗ್ಯಾಪ್ ಕಡಿಮೆಯಾಗುತ್ತದೆ, ಆಮೇಲೆ ನೋಡಿದರೆ ಕೆಲಸ ಮತ್ತೆ ಮೊದಲಿನಿಂದ.

ಫಲ

ಹೊಸ ತಾಮ್ರದ ವಾಷರ್ ಒಂದೊಂದೇ ಹಾಕಿ ಇಂಜೆಕ್ಟರ್ ಕೂರಿಸಿದ ಮೇಲೆ, ಪೈಪ್ ಜೋಡಿಸುವ ಮೊದಲು, ಹಿರಿಯರು ಮತ್ತೆ ಎರಡು ಸುತ್ತು ತಿರುಗಿಸಿದರು. ಮೂರು ಬಿಗಿ ಬಂದವು. ನಡುವಿನದು ಉಳಿದೆರಡಕ್ಕಿಂತ ಬೇಗ ಸೋರುತ್ತಿತ್ತು, ಆದರೆ ಎದುರು ನಿಲ್ಲುವಷ್ಟಿತ್ತು. ಸೆಲ್ಫ್ ಕೂರಿಸಿ, ಏರ್ ತೆಗೆದು ಸ್ಟಾರ್ಟ್ ಮಾಡಿದಾಗ ಎಂಜಿನ್ ಮೂರೂ ಸಿಲಿಂಡರಿನಲ್ಲಿ ಓಡಿತು. ಬಿಳಿ ಹೊಗೆ ಬಿಸಿಯಾದಂತೆ ನಿಂತಿತು. ಕೆಲವು ದಿನದ ಕೆಲಸದ ಬಳಿಕ ತಣ್ಣಗೆ ಮತ್ತೆ ಅಳೆದಾಗ ಐದು ಗ್ಯಾಪ್ ಹಾಗೇ ಇದ್ದವು, ಎರಡನೆಯದರ ಎಕ್ಸಾಸ್ಟ್ ಮಾತ್ರ 0.25ಕ್ಕೆ ಇಳಿದಿತ್ತು, ಕಾಂಡ ಇನ್ನಷ್ಟು ಬಿಡಿಸಿಕೊಂಡು ಸೀಟಿನಲ್ಲಿ ಚೆನ್ನಾಗಿ ಕೂರುತ್ತಿದೆ ಎಂದು ಓದಿಕೊಂಡು 0.30ಕ್ಕೆ ತಂದರು.

ಆ ವಾಲ್ವ್ ಮತ್ತು ಸೀಟನ್ನು ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿ ಕೂರಿಸಲೇಬೇಕು, ಗೈಡನ್ನೂ ನೋಡಬೇಕು. ಕೊನೆ ಕೊಯ್ಲಿನ ನಡುವೆ ಹೆಡ್ ಇಳಿಸುವುದು ಬೇಡವೆಂದು ಅದನ್ನು ಬೇಸಿಗೆಗೆ ಇಟ್ಟುಕೊಂಡಿದ್ದಾರೆ. ಎಕ್ಸಾಸ್ಟ್ ಕೊಳವೆಯ ಬಾಯಿಗೆ ತಾನೇ ಬೀಳುವ ತಗಡಿನ ಮುಚ್ಚಳ ಬಂದಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಸ್ಟಾಪ್ ನಾಬ್ ಎಳೆದು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಪ್ರತಿ ಸಲ ಪುಲ್ಲಿಯ ಬೇರೆ ಗುರುತಿನಲ್ಲಿ ನಿಲ್ಲಿಸುವುದೆಂದು ಮಾಲೀಕರು ನಿಶ್ಚಯಿಸಿದ್ದಾರೆ. ಪುಲ್ಲಿಯ ನಟ್ಟಿಗೆ ಹೊಂದುವ ಸಾಕೆಟ್ಟಿಗೆ ಗಿಡ್ಡ ಹಿಡಿಕೆಯೊಂದನ್ನು ಬೆಸುಗೆ ಹಾಕಿಸಿದ್ದು ಇದಕ್ಕಾಗಿಯೇ. ಅದು ಒಂದು ಸಲಕ್ಕೆ ಸುತ್ತಿನ ಆರನೇ ಒಂದು ಪಾಲು ಮಾತ್ರ ಆಡುತ್ತದೆ, ತೆಗೆದು ಹಾಕಿ ತೆಗೆದು ಹಾಕಿ ತಿರುಗಿಸಬೇಕು.